ಮಕ್ಕಳ ಹೈಕು: ನೋಟ ಮೊದಲು, ಲೆಕ್ಕ ಆಮೇಲೆ

ಪ್ರಾಥಮಿಕ ಶಾಲೆಯಲ್ಲಿ ಹೈಕು ಕಲಿಸಲು ಹೊರಟರೆ ಪದ್ಯಕ್ಕಿಂತ ಮೊದಲು ಬೋರ್ಡಿನ ಮೇಲೆ ಬರುವುದು ಮೂರು ಸಾಲುಗಳ 5-7-5 ಲೆಕ್ಕ. ಹೆಚ್ಚಿನ ತಪ್ಪು ಕಲ್ಪನೆಗಳು ಅಲ್ಲಿಂದಲೇ ಶುರು.

ತಪ್ಪು ಕಲ್ಪನೆ: ಹದಿನೇಳು ಅಕ್ಷರ ಕೂಡಿದರೆ ಹೈಕು.

ಸತ್ಯ: ಜಪಾನೀಯರು ಎಣಿಸುವುದು ‘ಓನ್’ಗಳನ್ನು. ಅದು ನಮ್ಮ ಮಾತ್ರೆಗೆ ಹತ್ತಿರ. ‘ತೋಕ್ಯೋ’ ನಮಗೆ ಎರಡಕ್ಷರ, ಅವರಿಗೆ ನಾಲ್ಕು ಓನ್. ಇದನ್ನು ನೋಡಿ:

ಮೊದಲ ಮಳೆ—
ಬಾಗಿಲಲ್ಲಿ ಸಾಲಾಗಿ
ಒದ್ದೆ ಚಪ್ಪಲಿ

ಅಕ್ಷರ ಎಣಿಸಿದರೆ 5-7-5 ಸರಿಯಾಗಿದೆ. ಲಘು-ಗುರು ಹಾಕಿದರೆ 5-11-7 ಮಾತ್ರೆ! ಜಪಾನಿನ ಹೈಕು ಕವಿ ಬಾಶೋನೇ (1644-1694) ಒಣಕೊಂಬೆಯ ಕಾಗೆಯ ಪದ್ಯದಲ್ಲಿ ನಡುಸಾಲಿನ ಏಳನ್ನು ಮೀರಿದ್ದಾನೆ. ಒಂದಕ್ಷರ ಹೆಚ್ಚಾಯಿತೆಂದು ಮಗುವಿನ ಒಳ್ಳೆಯ ಸಾಲಿಗೆ ಕೆಂಪು ಗೆರೆ ಎಳೆಯಬೇಕಿಲ್ಲ.

ತಪ್ಪು ಕಲ್ಪನೆ: ಒಂದು ವಾಕ್ಯವನ್ನು ಮೂರು ತುಂಡು ಮಾಡಿದರಾಯಿತು.

ಸತ್ಯ: ಹೈಕುವಿನಲ್ಲಿ ಸಾಮಾನ್ಯವಾಗಿ ಎರಡು ನೋಟಗಳಿರುತ್ತವೆ, ನಡುವೆ ಒಂದು ತಡೆ. ಜಪಾನಿ ಕವಿಗಳು ಅದಕ್ಕೆ ‘ಯಾ’ದಂಥ ಪದಗಳನ್ನು ಬಳಸುತ್ತಾರೆ, ನಮಗೆ ಒಂದು ಗೆರೆ ಸಾಕು. ಮೇಲಿನ ಪದ್ಯದಲ್ಲಿ ಮಕ್ಕಳ ಸುದ್ದಿಯೇ ಇಲ್ಲ, ಆದರೂ ನೆನೆದು ಬಂದವರು ಯಾರೆಂದು ತಿಳಿಯುತ್ತದೆ. ಓದಿಸುವಾಗ ಕೊನೆಯ ಸಾಲು ಮುಚ್ಚಿ, ‘ಬಾಗಿಲಲ್ಲಿ ಏನಿರಬಹುದು?’ ಎಂದು ಕೇಳಿ. ತರಗತಿ ತಾನಾಗಿ ಮಾತಾಡತೊಡಗುತ್ತದೆ.

ತಪ್ಪು ಕಲ್ಪನೆ: ಹೂವು, ಚಂದ್ರ, ಇಬ್ಬನಿ ಇದ್ದರೇನೇ ಹೈಕು.

ಸತ್ಯ: ಇನ್ನೊಬ್ಬ ಹೈಕು ಕವಿ ಇಸ್ಸಾ (1763-1828) ನೊಣ, ಚಿಗಟ, ಕಪ್ಪೆಗಳ ಮೇಲೂ ಬರೆದ. ಸಂಪ್ರದಾಯ ಕೇಳುವುದು ಋತುವನ್ನು ಸೂಚಿಸುವ ಒಂದು ಪದ, ‘ಕಿಗೊ’. ನಮ್ಮ ಮಕ್ಕಳು ಚೆರ್ರಿ ಹೂವನ್ನು ಕಡ ತರಬೇಕಿಲ್ಲ. ಮಾವಿನ ಮಿಡಿ, ಮುಂಗಾರಿನ ಗುಡುಗು, ಅವರೆಕಾಯಿ ಸೊಗಡು, ಸಂಕ್ರಾಂತಿಯ ಎಳ್ಳು ಎಂದು ಅವರಿಂದಲೇ ಪಟ್ಟಿ ಮಾಡಿಸಿ.

ತಪ್ಪು ಕಲ್ಪನೆ: ಚಿಕ್ಕ ಪದ್ಯ, ಮೊದಲ ದಿನವೇ ಬರೆಸಬಹುದು.

ಸತ್ಯ: ಜಪಾನಿನ ಪಠ್ಯಕ್ರಮದಲ್ಲಿ 3-4ನೇ ತರಗತಿಯವರು ಹೈಕುಗಳನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಾರೆ, ಬರೆಯುವ ಸರದಿ 5-6ನೇ ತರಗತಿಯಲ್ಲಿ. ಬರೆಯುವಾಗಲೂ ಅವಸರ ಬೇಡ. ‘ಮಳೆ ತುಂಬಾ ಚೆಂದ’ ಎಂದು ಬರೆದ ಮಗುವನ್ನು ‘ಎಲ್ಲಿ ನೋಡಿದೆ? ಏನು ಸದ್ದಾಯಿತು?’ ಎಂದು ಕೇಳಿ. ಸೂರಿನ ಕೆಳಗಿಟ್ಟ ಬಕೆಟ್ಟು ನೆನಪಾದರೆ ‘ಚೆಂದ’ವನ್ನು ಮಗುವೇ ಅಳಿಸುತ್ತದೆ. ಅಕ್ಷರ ಎಣಿಸಲು ಬೆರಳು ಮಡಚುವುದು ಅದಾದ ಮೇಲೆ.