‘ಪರಿಹಾರ’ವೆಂಬ ಮಾತು ಮತ್ತು ಪುಣೆಯ ಕನ್ನಡ ಕಟ್ಟಡ ಕಾರ್ಮಿಕ

ಕನ್ನಡ ಶಾಸನಗಳ ಪರಿಚಯವಿದ್ದವರಿಗೆ ‘ನೆತ್ತರುಗೊಡಗೆ’ ಎಂಬ ಮಾತು ಹೊಸದಲ್ಲ. ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ಒಡೆಯನಿಗಾಗಿ ಪ್ರಾಣ ಕೊಟ್ಟವನ ಸಂಸಾರದ ಹೊಣೆ ಒಡೆಯನದೇ ಎಂಬ ತಿಳಿವಳಿಕೆ ಅದರ ಹಿಂದಿದೆ. ಆದರೆ ಅದು ಕೊಡುಗೆ. ಕೊಡುವವನ ಮನಸ್ಸಿಗೆ ಬಿಟ್ಟದ್ದು. ಅದೇ ಶಾಸನಗಳಲ್ಲಿ ‘ಪರಿಹಾರ’ ಎಂಬ ಪದಕ್ಕೆ ಬೇರೆ ಅರ್ಥವಿದೆ. ‘ಸರ್ವಬಾಧಾಪರಿಹಾರ’ವಾಗಿ ಬಿಟ್ಟ ಭೂಮಿಯೆಂದರೆ ತೆರಿಗೆ ಮೊದಲಾದ ಬಾಧೆಗಳಿಲ್ಲದ ಭೂಮಿ. ಇಂದಿನ ಕನ್ನಡದಲ್ಲಿ ಈ ಪದ ಎರಡು ವಿರುದ್ಧ ಸಂಗತಿಗಳನ್ನು ಒಟ್ಟಿಗೆ ಹೊತ್ತುಕೊಂಡಿದೆ. ಅಪಘಾತದ ಮರುದಿನ ಸರ್ಕಾರ ಅನುಕಂಪದಿಂದ ಘೋಷಿಸುವ ಹಣವೂ ‘ಪರಿಹಾರ’. ಕಾನೂನಿನಂತೆ ಕೆಲಸಗಾರನು ಹಕ್ಕಿನಿಂದ ಕೇಳಿ ಪಡೆಯಬಹುದಾದ ಹಣವೂ ‘ಪರಿಹಾರ’. ಮರಾಠಿಯು ಎರಡನೆಯದನ್ನು ‘ನುಕಸಾನ ಭರಪಾಈ’ ಎಂದು ಬಿಡಿಸಿ ಹೇಳುತ್ತದೆ. ಆದ ಹಾನಿಯನ್ನು ತುಂಬಿಕೊಡುವುದು ಎಂದು ಅದರ ಭಾವ. ಕನ್ನಡದಲ್ಲಿ ಈ ಭೇದ ಮಸುಕಾಗಿರುವುದು ಬರಿಯ ನಿಘಂಟಿನ ಪ್ರಶ್ನೆಯಲ್ಲ. ಮೊದಲನೆಯದು ಕೈಸೇರಿದೊಡನೆ ‘ಪರಿಹಾರ ಬಂತು’ ಎಂದು ಸುಮ್ಮನಾಗುವ ಕುಟುಂಬವು ಎರಡನೆಯದನ್ನು ಕಳೆದುಕೊಳ್ಳುತ್ತದೆ.

ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಂದ ಗುಳೆ ಹೊರಟವರಿಗೆ ಪುಣೆ ಬಹುಕಾಲದಿಂದ ಒಂದು ನೆಲೆ. ನಗರ ಎತ್ತರಕ್ಕೆ ಬೆಳೆದಂತೆ ಗೌಂಡಿಗಳು, ಬಿಗಾರಿಗಳು, ಸೆಂಟ್ರಿಂಗ್ ಕೆಲಸದವರು ಮುಕಾದಮನ ಮುಂಗಡ ಹಿಡಿದು ಗಂಡ-ಹೆಂಡಿರು ಜೋಡಿಯಾಗಿಯೇ ಅಲ್ಲಿಗೆ ಹೋಗುತ್ತಾರೆ. ಮುಂಜಾನೆ ಮಜೂರ ಅಡ್ಡೆಯಲ್ಲಿ ನಿಂತು ದಿನದ ಕೂಲಿ ಹುಡುಕುವವರೂ ಉಂಟು. ಮನೆಯಲ್ಲಿ ಕನ್ನಡವನ್ನೋ ಲಂಬಾಣಿಯನ್ನೋ ಆಡುವ ಈ ಜನ ಕೆಲಸದ ಕಟ್ಟೆಯ ಮೇಲೆ ಮುರುಕು ಹಿಂದಿಯಲ್ಲಿ, ಮರಾಠಿಯಲ್ಲಿ ವ್ಯವಹರಿಸುತ್ತಾರೆ.

ಈ ಕೆಲಸದ ಅಪಾಯ ಎಂಥದೆಂಬುದಕ್ಕೆ ಪುಣೆಯ ಇತ್ತೀಚಿನ ಚರಿತ್ರೆಯೇ ಸಾಕ್ಷಿ. 2016ರ ಜುಲೈ 29ರಂದು ಬಾಲೇವಾಡಿಯಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡದ ಸ್ಲ್ಯಾಬ್ ಕುಸಿದು ಒಂಬತ್ತು ಮಂದಿ ಕೆಲಸಗಾರರು ಸತ್ತರು. 2019ರ ಜೂನ್ 29ರ ನಸುಕಿನಲ್ಲಿ ಕೊಂಢ್ವಾದಲ್ಲಿ ಗೋಡೆಯೊಂದು ಕಾರ್ಮಿಕರ ಗುಡಿಸಲುಗಳ ಮೇಲೆ ಬಿದ್ದು, ಮಲಗಿದ್ದಲ್ಲಿಯೇ, ಮಕ್ಕಳೂ ಸೇರಿ ಹದಿನೈದು ಮಂದಿ ಮಡಿದರು. 2022ರ ಫೆಬ್ರುವರಿ 3ರಂದು ಯೆರವಡಾದಲ್ಲಿ ಕಬ್ಬಿಣದ ಜಾಲಂದರ ಕುಸಿದು ಐವರು ಸತ್ತರು. ಕೊಂಢ್ವಾದಲ್ಲಿ ಸತ್ತವರಲ್ಲಿ ಬಿಹಾರದ ಕಡೆಯವರೇ ಹೆಚ್ಚು. ಆದರೆ ಊರು ಬಿಟ್ಟು ಬಂದವರ ಸ್ಥಿತಿ ಬಿಹಾರದವರಿಗೂ ಆಳಂದದವರಿಗೂ ಒಂದೇ. ಇಂಥ ದೊಡ್ಡ ದುರಂತಗಳು ಪತ್ರಿಕೆಯಲ್ಲಿ ಬರುತ್ತವೆ. ಸಾರುವೆಯಿಂದ ಒಬ್ಬನೇ ಬಿದ್ದು ಬೆನ್ನುಮೂಳೆ ಮುರಿದುಕೊಂಡದ್ದು ಬರುವುದಿಲ್ಲ. ಹಕ್ಕು ಹೆಚ್ಚಾಗಿ ಕಳೆದುಹೋಗುವುದು ಅಂಥಲ್ಲಿಯೇ.

ಈ ಹಕ್ಕಿನ ಮೂಲ 1923ರ ಕಾರ್ಮಿಕ ಪರಿಹಾರ ಕಾಯಿದೆ. 1924ರ ಜುಲೈ 1ರಿಂದ ಅದು ಜಾರಿಗೆ ಬಂತು. 2009ರ ತಿದ್ದುಪಡಿಯಿಂದ ‘ನೌಕರರ ಪರಿಹಾರ ಕಾಯಿದೆ’ ಎಂದು ಹೆಸರು ಬದಲಾಯಿತು. ಅದಕ್ಕೆ ಮೊದಲು ಗಾಯಗೊಂಡವನು ಮಾಲೀಕನ ತಪ್ಪನ್ನು ತಾನೇ ಸಾಧಿಸಿ ತೋರಿಸಬೇಕಾಗಿತ್ತು. 1923ರ ಕಾಯಿದೆ ಆ ಹೊರೆಯನ್ನು ಇಳಿಸಿತು. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಗಾಯವಾಯಿತೆಂಬುದಷ್ಟೇ ಸಾಕು. ತಪ್ಪು ಯಾರದೆಂಬ ಪ್ರಶ್ನೆ ಮುಖ್ಯವಲ್ಲ. ‘ಕುಡಿದಿದ್ದ’, ‘ಹೆಲ್ಮೆಟ್ ಹಾಕೆಂದರೆ ಹಾಕಲಿಲ್ಲ’ ಎಂಬ ಗುತ್ತಿಗೆದಾರನ ಮಾತು ಸಣ್ಣ ಗಾಯಗಳಲ್ಲಿ ಕೆಲಮಟ್ಟಿಗೆ ನಡೆದೀತು. ಸಾವು ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯ ಉಂಟಾದಲ್ಲಿ ಆ ಮಾತಿಗೆ ಕಾಯಿದೆ ಕಿವಿಗೊಡುವುದಿಲ್ಲ. ಈ ಅಂಶ ಕೆಲಸಗಾರರಿಗೆ ತಿಳಿಯದಿರುವುದರಿಂದಲೇ ಎಷ್ಟೋ ಮನೆಯವರು, ಸತ್ತವನದೇ ತಪ್ಪೆಂದು ಒಪ್ಪಿಕೊಂಡು, ಕೊಟ್ಟಷ್ಟು ಪಡೆದು ಊರಿಗೆ ಮರಳುತ್ತಾರೆ.

ಹೊಣೆ ಯಾರದೆಂಬುದು ಮುಂದಿನ ಮಾತು. ಮುಕಾದಮ ಕೈಯೆತ್ತಿ ಗುತ್ತಿಗೆದಾರನನ್ನು ತೋರಿಸುತ್ತಾನೆ. ಗುತ್ತಿಗೆದಾರ ಬಿಲ್ಡರನನ್ನು, ಬಿಲ್ಡರ ಮತ್ತೆ ಮುಕಾದಮನನ್ನು. ಕಾಯಿದೆಯ 12ನೆಯ ಕಲಮು ಈ ಆಟಕ್ಕೆ ತಡೆ ಹಾಕಿದೆ. ಕಟ್ಟಡ ಕಟ್ಟುವುದನ್ನೇ ವ್ಯಾಪಾರವಾಗಿ ನಡೆಸುವವನು ಆ ಕೆಲಸವನ್ನು ಗುತ್ತಿಗೆ ಕೊಟ್ಟರೂ, ತಾನೇ ನೇಮಿಸಿಕೊಂಡವನಂತೆ ಪರಿಹಾರ ಕೊಡಬೇಕು. ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ತನ್ನ ವಾಸಕ್ಕೆ ಮನೆ ಕಟ್ಟಿಸುವ ಸಾಮಾನ್ಯ ಗೃಹಸ್ಥನಿಗೆ ಈ ಕಲಮು ಅನ್ವಯಿಸುವುದು ಕಷ್ಟ. ಅಲ್ಲಿ ಗುತ್ತಿಗೆದಾರನನ್ನೇ ಹಿಡಿಯಬೇಕಾಗುತ್ತದೆ.

ಹಣದ ಲೆಕ್ಕ ಕಾಯಿದೆಯಲ್ಲಿಯೇ ಇದೆ, ಚೌಕಾಸಿಯ ವಿಷಯವಲ್ಲ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಗುಣಕದಿಂದ ಗುಣಿಸಿದರೆ ಸಾವಿನ ಪರಿಹಾರ. ಶಾಶ್ವತ ಸಂಪೂರ್ಣ ವೈಕಲ್ಯಕ್ಕೆ ಅರ್ಧದ ಬದಲು ನೂರಕ್ಕೆ 60. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರ ಜನವರಿಯಿಂದ 15,000 ರೂಪಾಯಿ. ಒಂದು ಕಲ್ಪಿತ ನಿದರ್ಶನ: ದಿನಕ್ಕೆ 600 ರೂಪಾಯಿಯಂತೆ ತಿಂಗಳಿಗೆ 26 ದಿನ ದುಡಿಯುವ, 30 ವರ್ಷದ ಗೌಂಡಿ. ಅವನ ಗುಣಕ 207.98. ಸತ್ತರೆ ಮನೆಯವರಿಗೆ 15,59,850 ರೂಪಾಯಿ. ಬದುಕಿಯೂ ಏನೂ ಮಾಡಲಾರದಂತಾದರೆ 18,71,820. ಹೆಬ್ಬೆರಳೊಂದನ್ನೇ ಕಳೆದುಕೊಂಡರೆ ಅನುಸೂಚಿಯ ಪ್ರಕಾರ ನೂರಕ್ಕೆ 30ರ ನಷ್ಟ, 5,61,546 ರೂಪಾಯಿ. ಚಿಕಿತ್ಸೆಯ ವಾಸ್ತವ ವೆಚ್ಚ ಇದಕ್ಕೆ ಹೊರತು. ಶವದೊಂದಿಗೆ ಗಾಡಿ ಮಾಡಿ ಕಳಿಸುವಾಗ ಮನೆಯವರ ಕೈಗಿಡುವ ಕಟ್ಟಿನ ಪಕ್ಕದಲ್ಲಿ ಈ ಅಂಕಿಗಳನ್ನಿಟ್ಟು ನೋಡಬೇಕು. ಅದಕ್ಕಿಂತಲೂ ದೊಡ್ಡ ಸಂಗತಿಯೆಂದರೆ, ಸಾವಿನ ಪ್ರಕರಣದಲ್ಲಿ ಮಾಲೀಕನು ಪರಿಹಾರವನ್ನು ಆಯುಕ್ತರಲ್ಲಿಯೇ ಠೇವಣಿ ಇಡಬೇಕು. ಅಲ್ಪ ಮುಂಗಡದ ಹೊರತು, ನೇರವಾಗಿ ಮನೆಯವರಿಗೆ ಕೊಟ್ಟದ್ದು ಪರಿಹಾರವೆಂದು ಪರಿಗಣಿತವಾಗುವುದೇ ಇಲ್ಲ. ‘ಇನ್ನು ಬಾಕಿ ಏನೂ ಇಲ್ಲ’ ಎಂದು ಒತ್ತಿಸಿಕೊಂಡ ಹೆಬ್ಬೆಟ್ಟಿನಿಂದ ಹಕ್ಕು ಅಳಿಯದು. ಒಂದು ತಿಂಗಳೊಳಗೆ ಕೊಡದೆ ಹೋದರೆ ನೂರಕ್ಕೆ 12ರ ಬಡ್ಡಿಯೂ, ಸಕಾರಣವಿಲ್ಲದ ವಿಳಂಬಕ್ಕೆ ಅರ್ಧದವರೆಗೆ ದಂಡವೂ ಸೇರುತ್ತವೆ.

ಅಂಗನಷ್ಟದ ಪ್ರಮಾಣವನ್ನು ಅಳೆಯುವುದರಲ್ಲಿಯೂ 1976ರ ಒಂದು ತೀರ್ಪು ದಾರಿ ತೋರಿದೆ. ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಶ್ರೀನಿವಾಸ ಸಬತ ಎಂಬ ಬಡಗಿ 1968ರಲ್ಲಿ ಕೆಳಗೆ ಬಿದ್ದು ಎಡಗೈ ಕಳೆದುಕೊಂಡ. ಹೋದದ್ದು ಒಂದೇ ಕೈ, ಆದ್ದರಿಂದ ಭಾಗಶಃ ವೈಕಲ್ಯ ಎಂಬುದು ಮಾಲೀಕನ ವಾದ. ಒಂದು ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಸಂಪೂರ್ಣ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಪರಿಹಾರವು ಆಜ್ಞೆಯ ದಿನದಿಂದಲ್ಲ, ಗಾಯವಾದ ದಿನದಿಂದಲೇ ಸಲ್ಲಬೇಕೆಂದೂ ಅದು ನಿರ್ಣಯಿಸಿತು. ದೇಹದ ನಷ್ಟವನ್ನಲ್ಲ, ಕಸುಬಿನ ನಷ್ಟವನ್ನು ಅಳೆದ ತೀರ್ಪು ಇದು.

ಇಷ್ಟೆಲ್ಲ ಇದ್ದೂ ಹಕ್ಕು ಕೈಗೆಟುಕದಿರಲು ಭಾಷೆಯ ಪಾಲು ಎಷ್ಟೆಂಬುದನ್ನು ಇಲ್ಲಿ ಗಮನಿಸಬೇಕು. ನೌಕರನನ್ನು ಸೇರಿಸಿಕೊಳ್ಳುವಾಗಲೇ ಅವನ ಹಕ್ಕನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು 2017ರ ತಿದ್ದುಪಡಿ ವಿಧಿಸಿತು. ಯಾವ ಭಾಷೆಯಲ್ಲಿ? ಇಂಗ್ಲಿಷು, ಹಿಂದಿ, ಇಲ್ಲವೆ ಕೆಲಸದ ಪ್ರದೇಶದ ಅಧಿಕೃತ ಭಾಷೆ. ಇವುಗಳಲ್ಲಿ ನೌಕರನಿಗೆ ತಿಳಿಯುವಂಥದು. ಪುಣೆಯಲ್ಲಿ ಅದು ಮರಾಠಿ. ಜೇವರ್ಗಿಯಿಂದ ಬಂದ ಬಿಗಾರಿಗೆ ಮೂರೂ ಅಪರಿಚಿತ ಲಿಪಿಗಳ ಭಾಷೆಗಳು. ಆಸ್ಪತ್ರೆಯಲ್ಲಿ ಪೊಲೀಸರು ಬರೆದುಕೊಳ್ಳುವ ಜಬಾನಿಯೂ ಮರಾಠಿಯದೇ. ‘ಕೆಲಸ ಮಾಡುವಾಗ ಬಿದ್ದ’ ಎಂಬುದಕ್ಕೂ ‘ಬಿದ್ದ’ ಎಂಬುದಕ್ಕೂ ಇರುವ ಅಂತರವೇ ಪ್ರಕರಣದ ತಿರುಳು; ಅದು ಆ ಹಾಳೆಯಲ್ಲಿ ಉಳಿಯಿತೋ ಇಲ್ಲವೋ ಎಂಬುದು ಹೆಬ್ಬೆಟ್ಟು ಒತ್ತುವವನಿಗೆ ತಿಳಿಯುವುದಿಲ್ಲ. ಓದಬಲ್ಲ ಒಬ್ಬರಿಂದ ಅದನ್ನು ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆಯೇ ಒತ್ತುವುದು ಲೇಸು.

ಆದರೆ ಗುಳೆ ಹೋದವನಿಗೆ ಕಾನೂನು ಊರಿನ ಬಾಗಿಲನ್ನೂ ತೆರೆದಿಟ್ಟಿದೆ. 1995ರ ತಿದ್ದುಪಡಿಯ ಬಳಿಕ ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲ, ಗಾಯಗೊಂಡವನೋ ಸತ್ತವನ ಅವಲಂಬಿತರೋ ವಾಸವಾಗಿರುವ ಪ್ರದೇಶದ ಆಯುಕ್ತರಲ್ಲಿಯೂ ಅರ್ಜಿ ಸಲ್ಲಿಸಬಹುದು. ದುಡಿಮೆಗಾಗಿ ದೂರ ಹೋಗುವ ವಲಸೆ ಕೂಲಿಕಾರರ ಅನುಕೂಲಕ್ಕೆಂದೇ ಈ ಬದಲಾವಣೆ ಆಗಿದೆಯೆಂದು ಮೋರ್ಜಿನಾ ಬೇಗಂ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಪುಣೆಯಲ್ಲಿ ಸತ್ತವನ ಹೆಂಡತಿ ವಾಯಿದೆಗೆಂದು ಪುಣೆಗೆ ಅಲೆಯಬೇಕಾಗಿಲ್ಲ. ತನ್ನ ಜಿಲ್ಲೆಯಲ್ಲಿ, ತನ್ನ ಭಾಷೆಯಲ್ಲಿ ಸಾಕ್ಷಿ ನುಡಿಯಬಹುದು. ಪುಣೆಯಿಂದ ತರಬೇಕಾದದ್ದು ಕಾಗದಗಳನ್ನು: ಪೊಲೀಸ್ ವರದಿ, ಪಂಚನಾಮೆ, ಆಸ್ಪತ್ರೆಯ ಎಂ.ಎಲ್.ಸಿ. ದಾಖಲೆ, ಶವಪರೀಕ್ಷೆಯ ವರದಿ, ಕೂಲಿಯ ಪುರಾವೆ, ಜೊತೆಯಲ್ಲಿ ದುಡಿದ ಇಬ್ಬರ ಹೆಸರು-ವಿಳಾಸ. ಕಡೆಯದೇ ಬಲು ಕಷ್ಟದ್ದು. ಆ ಇಬ್ಬರೂ ಮುಂದಿನ ತಿಂಗಳು ಬೇರೆ ಊರಿನಲ್ಲಿರುತ್ತಾರೆ.

ಇತರ ದಾರಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಇ.ಎಸ್.ಐ. ಯೋಜನೆ 2015ರ ಆಗಸ್ಟ್ 1ರಿಂದ ನಿರ್ಮಾಣದ ಸ್ಥಳಗಳ ಕೆಲಸಗಾರರಿಗೂ ವಿಸ್ತರಿಸಿತು. ಅದರಲ್ಲಿ ಒಳಪಟ್ಟವನು ಅಲ್ಲಿಂದಲೇ ಪಡೆಯಬೇಕು, 1923ರ ಕಾಯಿದೆಯಿಂದಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವನಿಗೆ ಅದರ ನೆರವು ಬೇರೆ. ಒಂದು ವರ್ಷದಲ್ಲಿ 90 ದಿನ ಈ ಕೆಲಸ ಮಾಡಿರಬೇಕೆಂಬುದು ನೋಂದಣಿಯ ನಿಯಮ. ಕೊಂಢ್ವಾದ ಮಕ್ಕಳಂತೆ ಕೆಲಸಗಾರರೇ ಅಲ್ಲದವರು ಸತ್ತಾಗ ಸಿವಿಲ್ ನ್ಯಾಯಾಲಯದಲ್ಲಿ ಅಲಕ್ಷ್ಯದ ದಾವೆಯೇ ಗತಿ. ಕೆಲಸಗಾರನೂ ಆ ದಾವೆ ಹೂಡಬಹುದು. ಆದರೆ ಆಯುಕ್ತರಲ್ಲಿ ಅರ್ಜಿ ಹಾಕಿದ ಮೇಲೆ ಅದಕ್ಕೆ ಅವಕಾಶವಿಲ್ಲ.

2025ರ ನವೆಂಬರ್ 21ರಿಂದ 1923ರ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಳೆಯ ಕಾಯಿದೆಯ ಚೌಕಟ್ಟನ್ನು ಅದು ಬಹುಮಟ್ಟಿಗೆ ಉಳಿಸಿಕೊಂಡಿದೆ. ಆಯುಕ್ತರ ಬದಲು ‘ಸಕ್ಷಮ ಪ್ರಾಧಿಕಾರ’ ಎಂಬ ಹೆಸರು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ಸಂಬಂಧ ಸಿದ್ಧಪಟ್ಟರೆ, ಅದು ಒಳಗೆ ತಂದಿದೆ. ಆ ದಿನಾಂಕಕ್ಕೆ ಮೊದಲಿನ ಅಪಘಾತಗಳಿಗೆ ಹಳೆಯ ಲೆಕ್ಕವೇ ಅನ್ವಯ. ಅಂಥ ಅರ್ಜಿಗೆ ಗಾಯವಾದ ದಿನದಿಂದ, ಸಾವಾಗಿದ್ದರೆ ಸಾವಿನ ದಿನದಿಂದ, ಎರಡು ವರ್ಷದ ಅವಧಿಯಿದೆ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರವೂ ಆಯುಕ್ತರಿಗಿದೆ. 2025ರ ದೀಪಾವಳಿಯ ಸುಮಾರಿಗೆ ಪುಣೆಯಲ್ಲಿ ಸಾರುವೆಯಿಂದ ಬಿದ್ದವನು ಬಿದ್ದ ದಿನದಿಂದ ಎರಡು ವರ್ಷದೊಳಗೆ ತನ್ನ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು.