ದುಮ್ಮವಾಡದ ಮೇಲೆ ಹಾದ ನೆರಳು

1980ರ ಫೆಬ್ರುವರಿ 16, ಶನಿವಾರ. ಶಿವರಾತ್ರಿಯ ಬೆನ್ನಿಗೇ ಬಂದ ಅಮಾವಾಸ್ಯೆ, ಪೂರ್ಣ ಸೂರ್ಯಗ್ರಹಣದ ದಿನ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಚಂದ್ರನ ನೆರಳು ಕಾರವಾರ-ಅಂಕೋಲಾ ಕರಾವಳಿಗೆ ಬಡಿದು, ಘಟ್ಟ ಹತ್ತಿ, ಕಲಘಟಗಿ ತಾಲೂಕಿನ ದುಮ್ಮವಾಡದ ಮೇಲೆ ಹಾದು, ಹುಬ್ಬಳ್ಳಿ, ಗದಗ, ರಾಯಚೂರು ದಾಟಿ ಒಡಿಶಾದ ಪುರಿಯತ್ತ ಓಡಿತು. ನೆರಳಿನ ಅಗಲ ನೂರು ಕಿಲೋಮೀಟರಿಗೂ ಹೆಚ್ಚು. ಆದರೂ ಅದು ಒಂದೊಂದು ಊರಿನ ಮೇಲೆ ನಿಂತದ್ದು ಮೂರು ನಿಮಿಷಕ್ಕಿಂತ ಕಡಿಮೆ.

ಅವತ್ತು ಊರೂರಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಬಸುರಿಯರನ್ನು ಹೊರಗೆ ಬಿಡುವ ಮಾತೇ ಇರಲಿಲ್ಲ. ಗ್ರಹಣ ಹಿಡಿದಾಗ ಗಂಗಾಳದ ನೀರಿನಲ್ಲಿ ಒನಕೆ ನಿಲ್ಲಿಸುವ ರೂಢಿ ನಮ್ಮ ಕಡೆ ಇದೆ. ನಿಂತರೆ ಹಿಡಿದಿದೆ, ಬಿದ್ದರೆ ಬಿಟ್ಟಿದೆ. ಬುಡ ಸಪಾಟಾಗಿರುವ ಒನಕೆ ತಿಥಿ ನೋಡಿ ನಿಲ್ಲುವುದಿಲ್ಲ, ಯಾವ ದಿನ ನಿಲ್ಲಿಸಿದರೂ ನಿಲ್ಲುತ್ತದೆ ಅನ್ನುವುದು ಬೇರೆ ಮಾತು. ಜನ ಒಳಗೆ ಸೇರಿಕೊಂಡ ಆ ಹೊತ್ತಿನಲ್ಲೇ, ಇದೇ ನೆರಳಿನ ದಾರಿಯಲ್ಲಿರುವ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ದೂರದರ್ಶಕ ಹೂಡಿಕೊಂಡು ಆಕಾಶ ನೋಡುತ್ತಿದ್ದರು.

ಅವರು ಹುಡುಕುತ್ತಿದ್ದುದೇನು ಎಂದು ತಿಳಿಯಲು ಇನ್ನೂ ನೂರಾ ಹನ್ನೆರಡು ವರ್ಷ ಹಿಂದಕ್ಕೆ, ಜಮಖಂಡಿಗೆ ಹೋಗಬೇಕು.

ಅದಕ್ಕೂ ಮೊದಲು, 1835ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್, ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಎಂಬುದು ಮನುಷ್ಯನಿಗೆ ಎಂದಿಗೂ ತಿಳಿಯದು ಎಂದು ಬರೆದಿದ್ದ. ಕಾಲು ಶತಮಾನ ತುಂಬುವುದರೊಳಗೆ ಜರ್ಮನಿಯಲ್ಲಿ ಕಿರ್ಚಾಫ್ ಮತ್ತು ಬುನ್ಸೆನ್ ಆ ಮಾತನ್ನು ಸುಳ್ಳು ಮಾಡಿದರು. ಅವರು ಮಾಡಿದ ಪ್ರಯೋಗದ ಅರ್ಧಭಾಗವನ್ನು ನಮ್ಮ ಅಡುಗೆಮನೆಯಲ್ಲೇ ನೋಡಬಹುದು. ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಎಸೆದರೆ ಉರಿ ಥಟ್ಟನೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ ಬೀರುವ ಬೆಳಕು. ಆ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಎಲ್ಲ ಬಣ್ಣ ಬರುವುದಿಲ್ಲ. ಹಳದಿಯ ಜಾಗದಲ್ಲಿ ಒಂದಕ್ಕೊಂದು ಅಂಟಿದಂತಿರುವ ಎರಡು ಗೆರೆಗಳು ಎದ್ದು ಕಾಣುತ್ತವೆ. ಸುಣ್ಣದ ಗೆರೆಗಳು ಬೇರೆ, ಕಬ್ಬಿಣದವು ಬೇರೆ. ಗೆರೆ ಗುರುತಿಸಿದರೆ ವಸ್ತು ಗುರುತಿಸಿದಂತೆ, ಅದು ಒಲೆಯಲ್ಲಿರಲಿ, 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಲ್ಲಿರಲಿ. ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ನೆನಪಿಡಬೇಕು. ಕಾದ ಗಟ್ಟಿ ವಸ್ತು ಎಲ್ಲ ಬಣ್ಣಗಳ ಅಖಂಡ ಪಟ್ಟಿ ಕೊಡುತ್ತದೆ. ಕಾದ ತೆಳು ಅನಿಲ ಬಿಡಿಬಿಡಿ ಗೆರೆಗಳನ್ನಷ್ಟೇ ಕೊಡುತ್ತದೆ.

ಪೂರ್ಣಗ್ರಹಣದಲ್ಲಿ ಚಂದ್ರನ ಅಂಚಿನಿಂದ ಕೆಂಪು ನಾಲಿಗೆಗಳು ಚಾಚಿಕೊಂಡಂತೆ ಕಾಣುವುದನ್ನು ಹಿಂದಿನ ಗ್ರಹಣಗಳಲ್ಲೇ ಗಮನಿಸಿದ್ದರು. ಅವು ಮೋಡವೋ, ಬೆಟ್ಟವೋ, ಉರಿಯೋ ಗೊತ್ತಿರಲಿಲ್ಲ. 1868ರ ಆಗಸ್ಟ್ 18ರ ಗ್ರಹಣದ ದಾರಿ ವಿಜಯಪುರ, ಜಮಖಂಡಿ ಸೀಮೆಯಿಂದ ಗುಂಟೂರಿನತ್ತ ಹಾದಿತ್ತು. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ. ಅಲ್ಲಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣ ಹೊತ್ತು ಬಂದವನು ಭಾರತದ ಮಹಾ ತ್ರಿಕೋನಮಿತಿ ಸರ್ವೇಯಲ್ಲಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ.

ಆದರೆ ಅದು ಶ್ರಾವಣ. ಅಂದು ಮೋಡ ಮುಸುಕಿತ್ತು. ಅಷ್ಟು ದೂರದಿಂದ ತಂದ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದ ಮುಂದೆ ಕೂತವನಿಗೆ ಹೇಗಾಗಿರಬೇಡ! ಮೋಡ ಸರಿದು ಸಂದು ಬಿಟ್ಟಾಗ ಹರ್ಷೆಲ್ ಒಂದು ನಾಲಿಗೆಯತ್ತ ಉಪಕರಣ ತಿರುಗಿಸಿದ. ಕಂಡದ್ದು ಮೂರು ಹೊಳೆಯುವ ಗೆರೆ: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಅಖಂಡ ಪಟ್ಟಿಯ ಸುಳಿವಿಲ್ಲ. ಅಂದರೆ ಆ ನಾಲಿಗೆಗಳು ಕಾದ ಅನಿಲ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಸೇರಿದಂತೆ ಇತರರೂ ಇದನ್ನೇ ಕಂಡರು. ಜಾನ್ಸೆನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗ್ರಹಣವಿಲ್ಲದ ಮರುದಿನವೂ ಆ ಗೆರೆಗಳನ್ನು ಹಿಡಿದ.

ಕೆಂಪು, ನೀಲಿ ಗೆರೆಗಳು ಹೈಡ್ರೋಜನ್ನಿನವು. ನಡುವಿನದು ಉಪ್ಪಿನ ಹಳದಿಯೇ ಇರಬೇಕೆಂದು ಮೊದಲು ಎಣಿಸಿದರು. ಅಳೆದು ನೋಡಿದರೆ ಜಾಗ ತುಸು ಬೇರೆ: ಸೋಡಿಯಂ ಗೆರೆಗಳು 589.0 ಮತ್ತು 589.6 ನ್ಯಾನೋಮೀಟರಿನಲ್ಲಿ, ಇದು 587.6ರಲ್ಲಿ. ಇಂಗ್ಲೆಂಡಿನ ಖಗೋಳಜ್ಞ ಲಾಕಿಯರ್ ಇದನ್ನು ಭೂಮಿಯ ಮೇಲೆ ಕಾಣದ ಧಾತು ಎಂದು ಭಾವಿಸಿದ. ಹೀಲಿಯಂ ಎಂಬ ಹೆಸರು ಹುಟ್ಟಿದ್ದು ಹಾಗೆ. ರಸಾಯನವಿಜ್ಞಾನಿ ರ‍್ಯಾಮ್ಸೆ ಅದನ್ನು ಭೂಮಿಯ ಖನಿಜವೊಂದರಲ್ಲಿ ಕಂಡದ್ದು 1895ರಲ್ಲಿ. ಹೀಲಿಯಂ ಕಥೆಯಲ್ಲಿ ಗುಂಟೂರಿನ ಹೆಸರು ಬರುವಷ್ಟು ಜಮಖಂಡಿಯ ಹೆಸರು ಬರುವುದಿಲ್ಲ. ಇದು ನಮ್ಮ ಮೇಷ್ಟ್ರುಗಳು ತಿದ್ದಬಹುದಾದ ಸಂಗತಿ.

ಮರುವರ್ಷ, 1869ರ ಅಮೆರಿಕದ ಗ್ರಹಣದಲ್ಲಿ, ಸೂರ್ಯನ ಸುತ್ತಲಿನ ಬಿಳಿ ಪ್ರಭೆಯಲ್ಲಿ, ಅಂದರೆ ಕರೋನಾದಲ್ಲಿ, ಒಂದು ಹಸಿರು ಗೆರೆ ಸಿಕ್ಕಿತು. ಹೀಲಿಯಂನ ಗುಂಗಿನಲ್ಲಿದ್ದವರು ಇದಕ್ಕೂ ‘ಕರೋನಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಂಡರು. ಹಾಗೊಂದು ಧಾತು ಇರಲೇ ಇಲ್ಲ. 1940ರ ಆಸುಪಾಸಿನಲ್ಲಿ ವಿಜ್ಞಾನಿಗಳಾದ ಗ್ರೋಟ್ರಿಯನ್ ಮತ್ತು ಎಡ್ಲೆನ್ ಗುಟ್ಟು ಬಿಡಿಸಿದರು. ಅದು ನಮ್ಮ ಕುಡುಗೋಲಿನಲ್ಲಿರುವ ಕಬ್ಬಿಣವೇ, ಆದರೆ ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಅಷ್ಟು ಎಲೆಕ್ಟ್ರಾನ್ ಕಿತ್ತುಹೋಗಬೇಕಾದರೆ ತಾಪ ಹತ್ತು ಲಕ್ಷ ಡಿಗ್ರಿ ದಾಟಿರಬೇಕು. ಸೂರ್ಯನ ಮೇಲ್ಮೈಯಾದರೋ ಬರೀ 5,500 ಡಿಗ್ರಿ ಸೆಲ್ಸಿಯಸ್. ಒಲೆಯಿಂದ ದೂರ ಹೋದಷ್ಟೂ ಬಿಸಿ ಹೆಚ್ಚಾಗುವ ಈ ವಿಚಿತ್ರಕ್ಕೆ ಪೂರ್ತಿ ಉತ್ತರ ಇಂದಿಗೂ ಸಿಕ್ಕಿಲ್ಲ.

1980ರಲ್ಲಿ ಜವಳಗೇರಾದ ನೆರಳಿನಡಿ ಕೂತವರು ಹುಡುಕುತ್ತಿದ್ದುದು ಈ ಉತ್ತರವನ್ನೇ. ಬೆಂಗಳೂರಿನ ಆ ಖಭೌತ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕ ವೇಣು ಬಾಪು, ಜಗದೇವ್ ಸಿಂಗ್ ಎಂಬ ಕಿರಿಯ ವಿಜ್ಞಾನಿಯನ್ನು ಕರೋನಾ ಅಧ್ಯಯನಕ್ಕೆ ಹುರಿದುಂಬಿಸಿದ್ದರು. ಆ ದಿನ ಅವರು ದಾಖಲಿಸಿದ್ದು 637.4 ನ್ಯಾನೋಮೀಟರಿನ ಕೆಂಪು ಗೆರೆ, ಒಂಬತ್ತು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಗೆರೆ. ಗೆರೆ ಎಷ್ಟು ದಪ್ಪವಾಗಿದೆ ಎಂಬುದರಿಂದ ಅಲ್ಲಿನ ತಾಪ, ಅನಿಲದ ತಳಮಳ ಲೆಕ್ಕ ಹಾಕಬಹುದು. ಸಿಂಗ್ 2010ರವರೆಗೆ ಸುಮಾರು ಹತ್ತು ಗ್ರಹಣಗಳ ಬೆನ್ನು ಹತ್ತಿದರು. ಪ್ರತಿಸಲವೂ ಕೈಗೆ ಸಿಗುವುದು ಕೆಲವೇ ನಿಮಿಷ, ಅದರಲ್ಲೂ ಮೋಡ ಬಂದರೆ ಮುಗಿಯಿತು. ಕರೋನಾದ ಬೆಳಕು ಸೂರ್ಯನ ಬಿಂಬಕ್ಕಿಂತ ಲಕ್ಷಾಂತರ ಪಟ್ಟು ಮಂಕು. ಹಾಗಾಗಿ ಬಿಂಬ ಮುಚ್ಚಲು ಚಂದ್ರ ಬೇಕು. ಚಂದ್ರನನ್ನು ಕಾಯುವ ಬದಲು ನಾವೇ ಬಿಂಬ ಮುಚ್ಚುವ ಉಪಕರಣವನ್ನು ಆಕಾಶಕ್ಕೆ ಒಯ್ಯಬಾರದೇಕೆ?

ಆ ಪ್ರಶ್ನೆ ಬೆಳೆದು ಇಸ್ರೋದ ಸೂರ್ಯವೀಕ್ಷಕ ನೌಕೆ ಆದಿತ್ಯ-ಎಲ್1 ಆಯಿತು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ನೆಲೆ ಸೇರಿತು. ಬಿಂಬ ಮುಚ್ಚಿ ಕರೋನಾ ನೋಡುವ ಅದರ ಮುಖ್ಯ ಉಪಕರಣ ವಿಇಎಲ್‌ಸಿ ತಯಾರಾದದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. 1869ರ ಆ ಹಸಿರು ಗೆರೆಯೂ ಅದು ನೋಡುವ ಗೆರೆಗಳಲ್ಲೊಂದು.

ಹಳ್ಳಿಯ ಶಾಲೆಯಲ್ಲಿ ಇದನ್ನು ಕಲಿಸಲು ದೂರದರ್ಶಕ ಬೇಕಿಲ್ಲ. ಬಳಸಿ ಬಿಟ್ಟ ಸಿಡಿಯನ್ನು ಓರೆ ಹಿಡಿದು, ಎಲ್‌ಇಡಿ ಅಲ್ಲದ ಹಳೆಯ ಬಗೆಯ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿದರೆ ಬಣ್ಣಗಳು ತುಂಡುತುಂಡಾಗಿ ಕಾಣುತ್ತವೆ. ತಂತಿಯ ಬಲ್ಬಿನದು ನೋಡಿದರೆ ಅಖಂಡ ಪಟ್ಟಿ. ಸೂರ್ಯನತ್ತ ಮಾತ್ರ ಯಾವ ಕಾರಣಕ್ಕೂ ಹಿಡಿಯಬಾರದು, ಕಣ್ಣು ಹೋದೀತು. ಇನ್ನು ಮುಂದೆ ಕಲಿಯುವ ಹಂಬಲವಿದ್ದವರಿಗೆ, ಆದಿತ್ಯ ಕಳಿಸಿದ ದತ್ತಾಂಶವನ್ನು ಇಸ್ರೋ 2025ರ ಜನವರಿಯಿಂದ ಎಲ್ಲರಿಗೂ ತೆರೆದಿಟ್ಟಿದೆ. ದುಮ್ಮವಾಡದಿಂದ ಧಾರವಾಡಕ್ಕೆ ಕಾಲೇಜಿಗೆ ಹೋಗುವ ಹುಡುಗಿಯೂ ಅದನ್ನು ಇಳಿಸಿಕೊಂಡು ಕಬ್ಬಿಣದ ಗೆರೆಯನ್ನು ತಾನೇ ಅಳೆಯಬಹುದು.