ವಿಪತ್ತಿನಿಂದ ಹಿಂದಿರುಗುವವರ ಮನಸ್ಸು

ಅಗ್ನಿಶಾಮಕ ದಳದವರು, ಪೊಲೀಸರು, ಆಂಬುಲೆನ್ಸಿನೊಡನೆ ಧಾವಿಸುವ ಪ್ಯಾರಾಮೆಡಿಕ್‌ಗಳು, ಇವರೆಲ್ಲ ಸಾಮಾನ್ಯ ಜನರು ಬಾಳಿನಲ್ಲಿ ಒಮ್ಮೆಯೋ ಇಮ್ಮೆಯೋ ಕಂಡು ತತ್ತರಿಸುವ ದೃಶ್ಯಗಳನ್ನು ವೃತ್ತಿಧರ್ಮವೆಂದು ಮತ್ತೆ ಮತ್ತೆ ಕಾಣಬೇಕಾದವರು. ಹೀಗೆ ಕಂಡುದು ಕೆಲವರನ್ನು ಬಿಡದೆ ಕಾಡುತ್ತದೆ. ನಿದ್ರೆಯಲ್ಲಿ ದುಃಸ್ವಪ್ನವಾಗಿಯೂ ಎಚ್ಚರದಲ್ಲಿ ಕರೆಯದೆ ಬಂದೆರಗುವ ಚಿತ್ರವಾಗಿಯೂ ಮರಳಿ, ಮನೆಮಂದಿಯ ನಡುವೆ ಇದ್ದೂ ಇಲ್ಲದವರಂತೆ ಅವರನ್ನು ಮಾಡಿಬಿಡುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ರೋಗವರ್ಗೀಕರಣದ ಕೈಪಿಡಿಯೊಳಗೆ ಈ ಬೇನೆಗೆ ಆಘಾತೋತ್ತರ ಒತ್ತಡದ ವ್ಯಾಧಿಯೆಂಬ ಸ್ಥಾನವನ್ನಿತ್ತಿತು.

ವ್ಯಾಧಿ ಬಂದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ಬಾರದಂತೆ ತಡೆಯುವುದು ಲೇಸೆಂಬುದನ್ನು ಯಾರೂ ಅಲ್ಲಗಳೆಯರು. ಹೇಗೆ ತಡೆಯುವುದೆಂಬುದೇ ತೊಡಕು. 1983ರಲ್ಲಿ ಜೆಫ್ರಿ ಮಿಚೆಲ್ ಎಂಬ ಅಮೆರಿಕದ ಮನೋವಿಜ್ಞಾನಿ, ಸ್ವತಃ ಅಗ್ನಿಶಾಮಕನಾಗಿಯೂ ಪ್ಯಾರಾಮೆಡಿಕ್ ಆಗಿಯೂ ದುಡಿದವನು, ಒಂದು ವಿಧಾನವನ್ನು ಮುಂದಿಟ್ಟನು. ದುರಂತ ನಡೆದ ಒಂದೆರಡು ದಿನಗಳೊಳಗೆ ತಂಡದವರೆಲ್ಲ ಒಟ್ಟಿಗೆ ಕುಳಿತು, ತಾವು ಕಂಡುದನ್ನೂ ಅನುಭವಿಸಿದುದನ್ನೂ ಕ್ರಮವಾಗಿ ಹೇಳಿಕೊಳ್ಳುವುದೇ ಆ ವಿಧಾನ. ಹೇಳಿಕೊಂಡರೆ ದುಃಖ ಹಗುರಾಗುವುದೆಂದು ನಮ್ಮ ಹಿರಿಯರೂ ನಂಬಿದ್ದರಷ್ಟೆ. ಮಿಚೆಲ್ಲನ ವಿಧಾನವು ಬಹುಬೇಗ ಅನೇಕ ದೇಶಗಳಿಗೆ ಹಬ್ಬಿ, ದುರಂತದಿಂದ ಪಾರಾದ ಸಾಮಾನ್ಯರಿಗೂ ಒಬ್ಬೊಬ್ಬರನ್ನಾಗಿ ಕೂರಿಸಿ ನಡೆಸುವ ಕ್ರಮವಾಯಿತು. ಆದರೆ 1997ರಲ್ಲಿ ಬ್ರಿಟನ್ನಿನ ವೈದ್ಯರು ಸುಟ್ಟಗಾಯಗಳಾದವರ ಮೇಲೆ ಅದನ್ನು ಪರೀಕ್ಷಿಸಿದಾಗ, ಹದಿಮೂರು ತಿಂಗಳ ಬಳಿಕ ಹಾಗೆ ಮಾತನಾಡಿಸಿದವರಲ್ಲಿ ಶೇಕಡಾ 26 ಮಂದಿಗೂ, ಸುಮ್ಮನೆ ಬಿಟ್ಟವರಲ್ಲಿ ಶೇಕಡಾ 9 ಮಂದಿಗೂ ಈ ವ್ಯಾಧಿಯಿದ್ದುದು ಕಂಡುಬಂದಿತು. ಮಾತನಾಡಿಸಿದವರ ಗಾಯಗಳೇ ಮೊದಲಿನಿಂದ ತುಸು ಹೆಚ್ಚಾಗಿದ್ದುವೆಂಬುದನ್ನೂ, ಅವರು ರಕ್ಷಿಸಿದವರಲ್ಲ, ಗಾಯಗೊಂಡವರೆಂಬುದನ್ನೂ ಮರೆಯಲಾಗದು. ಹೀಗಿದ್ದರೂ ಒಂದೇ ಬಾರಿಯ ಇಂಥ ಸಂವಾದದಿಂದ ಪ್ರಯೋಜನವಿಲ್ಲವೆಂಬ ಸಾಕ್ಷ್ಯ ಮುಂದಿನ ವರ್ಷಗಳಲ್ಲಿ ಬೆಳೆದುಬಂದು, 2005ರ ಹೊತ್ತಿಗೆ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿಯೇ ಅದನ್ನು ವಾಡಿಕೆಯಾಗಿ ನಡೆಸಕೂಡದೆಂದು ಹೇಳಿತು.

ಹಾಗಾದರೆ ಒಂದೇ ಘೋರವನ್ನು ಕಂಡ ಇಬ್ಬರಲ್ಲಿ ಒಬ್ಬನು ಕುಸಿದು ಇನ್ನೊಬ್ಬನು ನಿಲ್ಲುವುದೇಕೆ? ಆಕ್ಸ್‌ಫರ್ಡಿನ ಮನೋವಿಜ್ಞಾನಿಗಳಾದ ಜೆನಿಫರ್ ವೈಲ್ಡ್, ಆಂಕೆ ಏಲರ್ಸ್ ಮೊದಲಾದವರು ಲಂಡನ್ನಿನ ಆಂಬುಲೆನ್ಸ್ ಸೇವೆಗೆ ಹೊಸದಾಗಿ ಸೇರಿ ಕಲಿಯುತ್ತಿದ್ದ 386 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ, ತಾವು ಕಂಡುದನ್ನು 2016ರಲ್ಲಿ ಪ್ರಕಟಿಸಿದರು. ಶೇಕಡಾ 8ಕ್ಕೂ ಮಿಕ್ಕಿದವರಿಗೆ ಈ ವ್ಯಾಧಿ ತಗುಲಿತ್ತು. ಶೇಕಡಾ 10ಕ್ಕೂ ಹೆಚ್ಚು ಮಂದಿಯನ್ನು ಖಿನ್ನತೆ ಆವರಿಸಿತ್ತು. ಯಾರು ಹೆಚ್ಚು ಅಪಾಯದಲ್ಲಿದ್ದಾರೆಂಬುದನ್ನು ಕೆಲಸಕ್ಕೆ ಸೇರಿದಾಗಿನ ಮನಸ್ಸಿನ ಅಭ್ಯಾಸಗಳೇ ಬಹುಮಟ್ಟಿಗೆ ಸೂಚಿಸಿದುವು. ಅವುಗಳಲ್ಲಿ ಮುಖ್ಯವಾದುದು, ನೋವಿನ ನೆನಪುಗಳನ್ನು ಎಡೆಬಿಡದೆ ಮೆಲುಕು ಹಾಕುವ ಸ್ವಭಾವ. ‘ನಾನೇಕೆ ಎರಡು ನಿಮಿಷ ಮುಂಚೆ ತಲುಪಲಿಲ್ಲ, ತಲುಪಿದ್ದರೆ ಏನಾಗುತ್ತಿತ್ತು’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಉತ್ತರವಿಲ್ಲದುದರಿಂದಲೇ ಅದು ಮುಗಿಯುವುದೂ ಇಲ್ಲ.

ಅಭ್ಯಾಸವೆಂದಮೇಲೆ ಬಿಡಿಸಬಹುದೆಂಬ ಆಸೆಯುಂಟು. ‘ಏಕೆ’ ಎಂದು ಸುತ್ತುವ ಮನಸ್ಸನ್ನು ‘ಇನ್ನು ಹೇಗೆ’ ಎಂಬತ್ತ ತಿರುಗಿಸುವುದು, ಹಾಗೆ ಬಿಡಿಸಲೆಂದು ನೀಡುವ ತರಬೇತಿಯ ಒಂದಂಶ. ಇನ್ನೊಂದು, ಅಂದನ್ನು ಇಂದಿನಿಂದ ಬೇರ್ಪಡಿಸುವುದು. ಭೀತಿಯ ಕ್ಷಣದಲ್ಲಿ ರಕ್ತಕ್ಕೆ ಸೇರುವ ಅಡ್ರಿನಲಿನ್ ನೆನಪಿನ ಅಚ್ಚನ್ನು ಆಳವಾಗಿ ಒತ್ತುತ್ತದೆ. ಆದುದರಿಂದ ನುಜ್ಜುಗುಜ್ಜಾದ ಕಾರಿನ ಬಳಿ ಮೂಗಿಗಡರಿದ ಪೆಟ್ರೋಲಿನ ವಾಸನೆ, ತಿಂಗಳುಗಳ ತರುವಾಯ ಬಂಕಿನಲ್ಲಿ ಬಂದೊಡನೆ ಎದೆ ಡವಗುಟ್ಟಿ ಕೈ ಬೆವರುವುದುಂಟು. ತರಬೇತಿ ಪಡೆದವನು ಅಲ್ಲಿಂದ ಓಡನು. ಅಂದು ಇರುಳು, ಇಂದು ಹಗಲು. ಅಂದು ಚೀತ್ಕಾರ, ಇಂದು ಸರದಿಯಲ್ಲಿ ನಿಂತ ನಾಲ್ಕು ಕಾರುಗಳು. ವಾಸನೆಯೊಂದನ್ನುಳಿದು ಮತ್ತಾವುದೂ ಒಂದಲ್ಲವೆಂದು ಕಣ್ಣಾರೆ ಎಣಿಸಿಕೊಳ್ಳುತ್ತಾನೆ.

ಇಷ್ಟನ್ನು ಹೇಳಿ ಮನೋದಾರ್ಢ್ಯವು ಪಾಠಶಾಲೆಯಲ್ಲಿ ದೊರೆಯುವ ಕವಚವೆಂದು ಸಾರಿದರೆ ಅದು ಅತ್ಯುಕ್ತಿ. ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ‘ಮೈಂಡ್’ ಸಂಸ್ಥೆಯ ಯೋಜನೆಯೊಂದರಲ್ಲಿ 430 ತುರ್ತು ಸೇವಾ ಸಿಬ್ಬಂದಿಯ ಮೇಲೆ ಸಾಮೂಹಿಕ ತರಬೇತಿಯನ್ನು ಪರೀಕ್ಷಿಸಿದಾಗ, ಮಾನಸಿಕ ಆರೋಗ್ಯದ ಮಾಹಿತಿಯನ್ನು ಅಂತರ್ಜಾಲದಲ್ಲಿ ಓದಿದವರಿಗಿಂತ ತರಬೇತಿ ಪಡೆದವರು ಮೇಲಾಗಿ ಕಾಣಲಿಲ್ಲ. ಎಲ್ಲರಿಗೂ ಎಲ್ಲವನ್ನೂ ಕಲಿಸುವ ತರಗತಿಗಳಿಗಿಂತ, ಅಪಾಯಕಾರಿಯೆಂದು ಗೊತ್ತಾದ ಅಭ್ಯಾಸವನ್ನೇ ಗುರಿಯಾಗಿಸುವ ಪ್ರಯತ್ನ ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ. ಮೇಲಾಗಿ, ಸಿಬ್ಬಂದಿಯ ಕೊರತೆಯನ್ನೂ ಕೊನೆಯಿಲ್ಲದ ಪಾಳಿಗಳನ್ನೂ ಹಾಗೆಯೇ ಉಳಿಸಿಕೊಂಡು, ದುಡಿಯುವವನಿಗೆ ಮನಸ್ಸು ಗಟ್ಟಿಮಾಡಿಕೊಳ್ಳೆಂದು ಉಪದೇಶಿಸುವ ಇಲಾಖೆಯು ಸೋಲಿನ ಹೊಣೆಯನ್ನು ಅವನ ಹೆಗಲಿಗೇ ಹೊರಿಸಿದಂತಾಗುತ್ತದೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ಅಗ್ನಿಶಾಮಕ ದಳದಲ್ಲಿ ಬೇರೊಂದು ದಾರಿ ಹಿಡಿದರು. ಅಲ್ಲಿ ತರಬೇತಿಯನ್ನಿತ್ತುದು ಕೆಳಗಿನವರಿಗಲ್ಲ, ಮೇಲಧಿಕಾರಿಗಳಿಗೆ. ರಜೆಯಲ್ಲಿರುವ ಸಹೋದ್ಯೋಗಿಗೆ ಫೋನು ಮಾಡಬೇಕೆ, ಮಾಡಿದರೆ ಏನು ಕೇಳಬೇಕು, ಬದಲಾದವನನ್ನು ಗುರುತಿಸುವುದೆಂತು ಎಂಬಂಥದನ್ನು ನಾಲ್ಕು ಗಂಟೆಗಳಲ್ಲಿ ಕಲಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳೊಳಗೆ ಅಂಥ ಅಧಿಕಾರಿಗಳ ಕೈಕೆಳಗಿನವರಲ್ಲಿ ಕೆಲಸದ ಕಾರಣದಿಂದ ಹಾಕುವ ಅನಾರೋಗ್ಯ ರಜೆಗಳು ಇಳಿದುವು. ಅದರಿಂದಾದ ಉಳಿತಾಯವು ತರಬೇತಿಗೆ ತಗುಲಿದ ವೆಚ್ಚದ ಸುಮಾರು ಹತ್ತರಷ್ಟೆಂದು ಸಂಶೋಧಕರು ಲೆಕ್ಕಹಾಕಿದರು.